ಸ್ಯಾನ್ ಹುವಾನ್ ನದಿಯೋ, ಗ್ರ್ಯಾಂಡ್ ಕ್ಯಾನ್ಯನ್ನೋ, ಹೋಪಿ ಹೊಲವೋ? ಹದಿಹರೆಯದ ಮಕ್ಕಳ ಬೇಸಿಗೆ ಯಾತ್ರೆಗೆ ಒಂದು ಹೋಲಿಕೆ

ಅರಿಜೋನಾಕ್ಕೆ ಬಂದು ನೆಲೆಸಿ ಹನ್ನೆರಡು ವರ್ಷವಾಯಿತು. ಪ್ರತಿ ಜನವರಿಯಲ್ಲೂ ಪರಿಚಯದ ಕನ್ನಡ ಮನೆಗಳಿಂದ ಒಂದೇ ಬಗೆಯ ಫೋನ್ ಬರುತ್ತದೆ. ಮಗನಿಗೆ ಹದಿನೈದು ತುಂಬಿದೆ, ಬೇಸಿಗೆ ರಜೆ ಎರಡು ತಿಂಗಳಿಗೂ ಹೆಚ್ಚು, ಮನೆಯಲ್ಲಿ ಬಿಟ್ಟರೆ ಮೊಬೈಲ್ ಕೆಳಗಿಡುವುದಿಲ್ಲ. ಮರುಭೂಮಿಯ ನದಿಯಲ್ಲಿ ದೋಣಿ, ಕಮರಿಗಳಲ್ಲಿ ಚಾರಣ, ಕೊನೆಗೆ ಇಲ್ಲಿನ ಮೂಲನಿವಾಸಿಗಳಾದ ಹೋಪಿ ಜನರ ಹಳ್ಳಿಯಲ್ಲಿ ಕೆಲವು ದಿನದ ಸೇವೆ ಎಂದು ಬರೆದ ಕರಪತ್ರವೊಂದು ಸಿಕ್ಕಿದೆ. ಕಳಿಸಬಹುದೇ? ಕಳಿಸುವುದಾದರೆ ಯಾವುದಕ್ಕೆ?

ನನ್ನ ಮಗಳು ಎರಡು ಬೇಸಿಗೆ ಇಂಥ ಯಾತ್ರೆಗಳಿಗೆ ಹೋಗಿ ಬಂದಿದ್ದಾಳೆ. ಅವಳಿಗಾಗಿ ಹುಡುಕುವಾಗ ನಾನು ಮೊದಲು ನದಿಗಳನ್ನು ಹೋಲಿಸಿದೆ, ದೋಣಿಗಳನ್ನು ಹೋಲಿಸಿದೆ, ಶುಲ್ಕ ಹೋಲಿಸಿದೆ. ಹಳ್ಳಿಯ ಭಾಗ ಎಲ್ಲ ಕಡೆ ಒಂದೇ ಇರುತ್ತದೆ ಎಂದುಕೊಂಡು ಅದರ ಬಗ್ಗೆ ಏನೂ ಕೇಳಲಿಲ್ಲ. ಈಗ ಯಾರಾದರೂ ಕೇಳಿದರೆ ಹಳ್ಳಿಯ ಭಾಗವನ್ನು ಮೊದಲು ವಿಚಾರಿಸಿ, ನದಿಯನ್ನು ಆಮೇಲೆ ಆರಿಸಿಕೊಳ್ಳಿ ಎನ್ನುತ್ತೇನೆ. ಯಾಕೆ ಎನ್ನುವುದನ್ನು ಮುಂದೆ ಹೇಳುತ್ತೇನೆ. ಕರಪತ್ರಗಳಲ್ಲಿ ನದಿಯೇ ಮೊದಲು ಬರುವುದರಿಂದ ಇಲ್ಲಿಯೂ ಅಲ್ಲಿಂದಲೇ ಶುರು ಮಾಡೋಣ.

ಸ್ಯಾನ್ ಹುವಾನ್: ಮೊದಲ ನದಿಗೆ ಇದೇ ಸರಿ

ಕೊಲರಾಡೋ ಬೆಟ್ಟಗಳಲ್ಲಿ ಹುಟ್ಟಿ ನ್ಯೂ ಮೆಕ್ಸಿಕೋ ಸುತ್ತಿ ಯೂಟಾದ ಕೆಂಪು ಕಲ್ಲಿನ ನಾಡಿಗೆ ಬರುವ ನದಿ ಇದು. ದೋಣಿಯಾತ್ರೆ ಶುರುವಾಗುವುದು ಬ್ಲಫ್ ಎಂಬ ಪುಟ್ಟ ಊರಿನ ಹತ್ತಿರದ ಸ್ಯಾಂಡ್ ಐಲ್ಯಾಂಡ್ ಎಂಬಲ್ಲಿ. ಅಲ್ಲಿಂದ ಮೆಕ್ಸಿಕನ್ ಹ್ಯಾಟ್‌ಗೆ 27 ಮೈಲಿ, ಮುಂದೆ ಕ್ಲೇ ಹಿಲ್ಸ್‌ವರೆಗೆ ಇನ್ನೂ 57 ಮೈಲಿ. ಪೂರ್ತಿ 84 ಮೈಲಿ ಎಂದರೆ ಸುಮಾರು 135 ಕಿಲೋಮೀಟರ್. ಮಕ್ಕಳ ತಂಡ ಆತುರವಿಲ್ಲದೆ ಒಂದು ವಾರ ತೆಗೆದುಕೊಳ್ಳುತ್ತದೆ.

ಬಂಡೆಗಳ ನಡುವೆ ನೀರು ನುಗ್ಗಿ ನೊರೆಯಾಗುವ ಜಾಗಗಳನ್ನು ಇಲ್ಲಿ ರ‍್ಯಾಪಿಡ್ ಎನ್ನುತ್ತಾರೆ. ಅವುಗಳ ಬಿರುಸನ್ನು ಒಂದರಿಂದ ಆರರವರೆಗಿನ ದರ್ಜೆಗಳಲ್ಲಿ ಅಳೆಯುತ್ತಾರೆ. ಸ್ಯಾನ್ ಹುವಾನ್‌ನಲ್ಲಿ ಹೆಚ್ಚಿನವು ಎರಡನೇ ದರ್ಜೆಯವು. ಕೆಳಭಾಗದಲ್ಲಿ ಗವರ್ನಮೆಂಟ್ ರ‍್ಯಾಪಿಡ್ ಎಂಬ ಒಂದು ಮೂರಕ್ಕೆ ಏರುತ್ತದೆ. ದಾಂಡೇಲಿಯಲ್ಲಿ ಕಾಳಿ ನದಿಯ ಮೇಲೆ ರಾಫ್ಟ್ ಏರಿದ ಮಕ್ಕಳಿಗೆ ಇದು ಹೆದರಿಕೆ ಹುಟ್ಟಿಸುವಂಥದ್ದಲ್ಲ. ಬೇಸಿಗೆಯಲ್ಲಿ ನೀರು ಬೆಚ್ಚಗಿರುತ್ತದೆ. ಮುಖ್ಯವಾದ ಅನುಕೂಲವೆಂದರೆ ಮಕ್ಕಳು ತಾವೇ ಹುಟ್ಟು ಹಾಕಬಹುದು. ಗಾಳಿ ತುಂಬಿದ ಸಣ್ಣ ಕಯಾಕ್‌ಗಳನ್ನು ಕೊಡುತ್ತಾರೆ; ಮೂರನೆಯ ದಿನಕ್ಕೆ ಮಗು ನೀರಿನ ಬಣ್ಣ ನೋಡಿ ಆಳ ಯಾವುದು, ಮರಳದಿಣ್ಣೆ ಯಾವುದು ಎಂದು ಹೇಳತೊಡಗುತ್ತದೆ.

ನೀರೆಂದರೆ ಹಾಲು ಬೆರೆಸಿದ ಕಾಫಿಯ ಬಣ್ಣ. ಅಷ್ಟು ಹೂಳು. ಹೂಳಿನ ಭಾರಕ್ಕೆ ನದಿಯ ತಳವೇ ಕದಲಿ, ಇದ್ದಕ್ಕಿದ್ದಂತೆ ಸಾಲುಸಾಲು ಅಲೆಗಳೆದ್ದು, ಸ್ವಲ್ಪ ಹೊತ್ತಿಗೆಲ್ಲ ಅಲ್ಲಿ ಏನೂ ಇರಲಿಲ್ಲ ಎಂಬಂತೆ ಅಡಗಿಬಿಡುತ್ತವೆ. ನೀರು ಹೆಚ್ಚಿರುವಾಗ ಕಾಣುವ ಈ ಮರಳಲೆಗಳು ಈ ನದಿಯ ಹೆಸರಾದ ಗುಣ. ಪಾತ್ರೆ ತೊಳೆಯಲು ನದಿಯ ನೀರನ್ನು ಬಕೆಟ್‌ನಲ್ಲಿ ಹಿಡಿದು ಪಟಿಕ ಹಾಕಿ ರಾತ್ರಿಯಿಡೀ ತಿಳಿಯಾಗಲು ಬಿಡುತ್ತಾರೆ. ಮಗಳು ಇದನ್ನು ಹೇಳಿದಾಗ ತುಮಕೂರಿನಲ್ಲಿದ್ದ ನನ್ನ ತಾಯಿಗೆ ಎಲ್ಲಿಲ್ಲದ ಖುಷಿ. ಅವರ ಕಾಲದಲ್ಲಿ ಕೆರೆನೀರಿಗೆ ಚಿಲ್ಲದ ಬೀಜ ತೇಯ್ದು ಹಾಕುತ್ತಿದ್ದರಂತೆ.

ಮೆಕ್ಸಿಕನ್ ಹ್ಯಾಟ್ ದಾಟಿದ ಮೇಲೆ ಗೂಸ್‌ನೆಕ್ಸ್ ಬರುತ್ತದೆ. ನದಿ ಹಾವಿನಂತೆ ಸುತ್ತುತ್ತ ಸುಮಾರು 300 ಮೀಟರ್ ಆಳಕ್ಕೆ ಕಲ್ಲನ್ನು ಕೊರೆದಿದೆ; ಹಕ್ಕಿಯ ದಾರಿಯಲ್ಲಿ ಒಂದೂವರೆ ಮೈಲಿ ದೂರವಾಗುವುದನ್ನು ಆರು ಮೈಲಿ ಸುತ್ತಿ ಹೋಗುತ್ತದೆ. ಮೇಲ್ಭಾಗದಲ್ಲಿ, ಬಟ್ಲರ್ ವಾಶ್ ಸೇರುವ ಕಡೆ, ಬಂಡೆಗೋಡೆಯ ಮೇಲೆ ಅಗಲ ಭುಜದ ಮನುಷ್ಯಾಕೃತಿಗಳ ಕೆತ್ತನೆಗಳಿವೆ. ಅದರಿಂದ ಕೆಳಗೆ ಬಂಡೆಯ ಕೆಳಗಿನ ಪೊಟರೆಯಲ್ಲಿ ಕಲ್ಲುಮಣ್ಣಿನ ಹಳೆಯ ಮನೆಗಳ ಸಾಲು ನಿಂತಿದೆ. ಹೋಪಿ ಜನರ ಹಲವು ಕುಲಗಳು ತಮ್ಮ ಹಿರಿಯರು ಈ ಕಡೆಯಲ್ಲೆಲ್ಲ ನೆಲೆಸಿ, ಬೆಳೆದು, ಮುಂದೆ ನಡೆದರೆಂದು ಹೇಳುತ್ತವೆ. ಈ ಕೆತ್ತನೆ, ಗೋಡೆ, ಮಡಕೆ ಚೂರುಗಳೆಲ್ಲ ಅವರಿಗೆ ಹಿರಿಯರು ಬಿಟ್ಟುಹೋದ ಹೆಜ್ಜೆಗುರುತುಗಳು. ಅದಕ್ಕೇ ಈ ನದಿ ಹೋಪಿ ಹಳ್ಳಿಯ ಯಾತ್ರೆಗೆ ಸಹಜವಾಗಿ ಹೊಂದುತ್ತದೆ. ಮೊದಲು ಹೆಜ್ಜೆಗುರುತು ನೋಡಿ, ಆಮೇಲೆ ಆ ಹೆಜ್ಜೆ ತಲುಪಿದ ಊರಿಗೆ ಹೋದಂತಾಗುತ್ತದೆ. ಕೆತ್ತನೆಯನ್ನು ಮುಟ್ಟಬಾರದು, ಗೋಡೆಗೆ ಒರಗಬಾರದು, ಚೂರು ಎತ್ತಿಕೊಳ್ಳಬಾರದು. ಹಂಪಿಯ ಕಂಬಗಳ ಮೇಲೆ ಹೆಸರು ಗೀಚಿದ್ದನ್ನು ಕಂಡು ಹೊಟ್ಟೆ ಉರಿದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಕೊರತೆಗಳೂ ಇವೆ. ಮೇ ಮತ್ತು ಜೂನ್‌ನಲ್ಲಿ ಹಿಮ ಕರಗಿದ ನೀರು ಬರುತ್ತದೆ. ಆಗಸ್ಟ್ ಹೊತ್ತಿಗೆ ನೀರು ತಗ್ಗಿದರೆ ಕೊನೆಯ ಮೈಲಿಗಳಲ್ಲಿ ದೋಣಿಯಿಂದಿಳಿದು ಹೂಳಿನಲ್ಲಿ ಎಳೆಯಬೇಕಾಗುತ್ತದೆ. ಆದ್ದರಿಂದ ಜೂನ್ ತಂಡವನ್ನೇ ಆರಿಸಿ.

ಗ್ರ್ಯಾಂಡ್ ಕ್ಯಾನ್ಯನ್: ದೊಡ್ಡದು, ಆದರೆ ಎಲ್ಲರಿಗೂ ಅಲ್ಲ

ಎಲ್ಲರ ಬಾಯಲ್ಲಿರುವುದು ಇದರ ಹೆಸರು. ಕೊಲರಾಡೋ ನದಿಯ ಮೇಲೆ ಲೀಸ್ ಫೆರಿಯಿಂದ ಡೈಮಂಡ್ ಕ್ರೀಕ್‌ವರೆಗೆ 226 ಮೈಲಿ. ಪೂರ್ತಿ ಹೋಗಲು ಎರಡು ವಾರ ಬೇಕಾಗಬಹುದು; ಕೆಲವು ತಂಡಗಳು 88ನೇ ಮೈಲಿಯ ಫ್ಯಾಂಟಮ್ ರ‍್ಯಾಂಚ್ ಬಳಿ ಇಳಿದು ನಡೆದು ಮೇಲೆ ಬರುತ್ತವೆ. ಆ ಏರು ಸುಮಾರು 1,300 ಮೀಟರ್. ಜೂನ್ ತಿಂಗಳ ಬಿಸಿಲಿನಲ್ಲಿ ಕಮರಿಯ ತಳ 40 ಡಿಗ್ರಿ ದಾಟಿರುತ್ತದೆ. ಬೆಳಗಿನ ಜಾವಕ್ಕೇ ಹೊರಡದ ತಂಡಕ್ಕೆ ನಾನು ಮಕ್ಕಳನ್ನು ಒಪ್ಪಿಸುವುದಿಲ್ಲ.

ಮೇಲಿರುವ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ಜಲಾಶಯದ ಆಳದ ನೀರನ್ನು ಬಿಡುವುದರಿಂದ ಹೊರಗೆ ಕುದಿಯುವ ಬಿಸಿಲು, ಕೆಳಗೆ ಮೈ ಸೆಟೆಯುವ ತಣ್ಣೀರು. ದೋಣಿಯಿಂದ ಬಿದ್ದವರಿಗೆ ಮೊದಲ ಅಪಾಯವೇ ಆ ಚಳಿ. ರ‍್ಯಾಪಿಡ್‌ಗಳು ಎಷ್ಟು ದೊಡ್ಡವೆಂದರೆ ಇಲ್ಲಿ ಆರರ ಮಾಪಕ ಬಿಟ್ಟು ಹತ್ತರ ಮಾಪಕವನ್ನೇ ಬಳಸುತ್ತಾರೆ. ಹಾಗಾಗಿ ದೊಡ್ಡ ದೋಣಿ ನಡೆಸುವವರು ಮಾರ್ಗದರ್ಶಕರು, ಮಕ್ಕಳು ಹೆಚ್ಚಿನ ಹೊತ್ತು ಹಗ್ಗ ಹಿಡಿದು ಕೂತವರು. ಮೈ ಜುಮ್ಮೆನ್ನುವ ಅನುಭವವೇ, ಸುಳ್ಳಲ್ಲ. ಆದರೆ ಕಲಿಯುವುದು ಸ್ಯಾನ್ ಹುವಾನ್‌ನಲ್ಲಿ ಹೆಚ್ಚು.

ಹೋಪಿ ಭಾಷೆಯಲ್ಲಿ ಈ ಕಮರಿಯ ಹೆಸರು ಓಂಗ್‌ತುಪ್ಕ, ಉಪ್ಪಿನ ಕಮರಿ. ಲಿಟಲ್ ಕೊಲರಾಡೋ ನದಿಯ ಕಮರಿಯಲ್ಲಿ, ಅದು ದೊಡ್ಡ ನದಿಯನ್ನು ಸೇರುವುದಕ್ಕೆ ಕೆಲವು ಮೈಲಿ ಮೊದಲು, ಮನುಷ್ಯರು ಹಿಂದಿನ ಲೋಕದಿಂದ ಈ ಲೋಕಕ್ಕೆ ಹೊರಬಂದ ಸಿಪಾಪುನಿ ಇದೆಯೆಂಬುದು ಅವರ ನಂಬಿಕೆ. ಹೋಪಿ ಯುವಕರು ಉಪ್ಪು ತರಲು ನಡೆದುಬರುತ್ತಿದ್ದ ವ್ರತದ ದಾರಿಯೂ ಇಲ್ಲಿಗೇ ಇಳಿಯುತ್ತದೆ. ಆ ಸಂಗಮದಿಂದ ಸ್ವಲ್ಪ ಕೆಳಗಿರುವ ಹೋಪಿ ಉಪ್ಪಿನ ಗಣಿಗಳ ದಡಕ್ಕೆ ಹೊರಗಿನವರು ಇಳಿಯುವಂತಿಲ್ಲ; ರಾಷ್ಟ್ರೀಯ ಉದ್ಯಾನವೇ ಅದನ್ನು ಮುಚ್ಚಿಟ್ಟಿದೆ. ಅಲ್ಲಿ ದೋಣಿಗಳು ನಿಲ್ಲದೆ ದಾಟುವ ಗಳಿಗೆಯನ್ನು ನಿಮ್ಮ ತಂಡ ಮಕ್ಕಳಿಗೆ ಹೇಗೆ ವಿವರಿಸುತ್ತದೆ ಎಂದು ಕೇಳಿ ನೋಡಿ. ಉತ್ತರ ತಡವರಿಸಿದರೆ ಆ ತಂಡಕ್ಕೆ ಹೋಪಿಯೊಂದಿಗಿನ ನಂಟು ಎಷ್ಟೆಂದು ತಿಳಿಯುತ್ತದೆ.

ಹದಿನಾರು ತುಂಬಿದ, ಒಮ್ಮೆಯಾದರೂ ನದಿಯಲ್ಲಿ ವಾರ ಕಳೆದ ಮಗುವಿಗೆ ಇದನ್ನು ಇಟ್ಟುಕೊಳ್ಳಿ.

ಗ್ರೀನ್ ನದಿಯ ಡೆಸೊಲೇಶನ್ ಕ್ಯಾನ್ಯನ್ ಮೂರನೆಯ ಆಯ್ಕೆಯಾಗಿ ಕರಪತ್ರಗಳಲ್ಲಿ ಬರುತ್ತದೆ. ಅದೂ 84 ಮೈಲಿ, ಚೆಲುವಾದ ನದಿ. ಹೊರಡುವ ಜಾಗದಲ್ಲಿ ಸೊಳ್ಳೆ ಕಾಟ ವಿಪರೀತ. ಆದರೆ ಅದರ ಪೂರ್ವದ ದಡ ಯೂಟ್ ಎಂಬ ಬೇರೊಂದು ಬುಡಕಟ್ಟಿನ ಜನರದು. ಹೋಪಿ ಹಳ್ಳಿಗಳಿಗೆ ಬಹಳ ದೂರ. ಬರೀ ನದಿ ಸಾಕೆನ್ನುವವರಿಗೆ ಅದು ಆದೀತು.

ದೋಣಿ ಬೇಡವೆಂದರೆ: ಸೀಡರ್ ಮೇಸಾ

ಈಜು ಬಾರದ, ನೀರೆಂದರೆ ಹಿಂಜರಿಯುವ ಮಕ್ಕಳಿಗೆ ಬೆನ್ನಿಗೆ ಚೀಲ ಹಾಕಿಕೊಂಡು ನಡೆಯುವ ಯಾತ್ರೆಗಳಿವೆ. ಮೇಸಾ ಎಂದರೆ ತಲೆ ಚಪ್ಪಟೆಯಾಗಿ ಮೇಜಿನಂತೆ ನಿಂತ ಬೆಟ್ಟ. ಸ್ಯಾನ್ ಹುವಾನ್‌ನ ಉತ್ತರಕ್ಕಿರುವ ಸೀಡರ್ ಮೇಸಾದ ಒಡಲನ್ನು ಗ್ರ್ಯಾಂಡ್ ಗಲ್ಚ್ ಮೊದಲಾದ ಕಮರಿಗಳು ಸೀಳಿವೆ. ಹೆಜ್ಜೆಗೊಂದು ಹಳೆಯ ಕಣಜ, ಮನೆ, ಕೈಯಚ್ಚು. ಇದು ಬೇರ್ಸ್ ಇಯರ್ಸ್ ರಾಷ್ಟ್ರೀಯ ಸ್ಮಾರಕದೊಳಗೆ ಬರುತ್ತದೆ. ಹೋಪಿ, ನವಾಹೋ, ಝೂನಿ ಮತ್ತು ಎರಡು ಯೂಟ್ ಬುಡಕಟ್ಟುಗಳು ಒಟ್ಟಾಗಿ ಕೇಳಿದ್ದಕ್ಕೆ 2016ರ ಡಿಸೆಂಬರ್‌ನಲ್ಲಿ ಘೋಷಣೆಯಾಯಿತು, 2017ರಲ್ಲಿ ಬಹುಪಾಲು ಕಡಿತವಾಯಿತು, 2021ರಲ್ಲಿ ಮತ್ತೆ ಹಿಂದಿನಷ್ಟಾಯಿತು.

ಇಲ್ಲಿ ತಂಡಕ್ಕೆ 12 ಜನರ ಮಿತಿಯಿದೆ. ನನ್ನ ಮಟ್ಟಿಗೆ ಅದೇ ದೊಡ್ಡ ಗುಣ. ತೊಂದರೆ ಎಂದರೆ ನೀರು. ಒರತೆಗಳು ಬೇಸಿಗೆಯಲ್ಲಿ ಬತ್ತುತ್ತವೆ. ಜುಲೈಯಲ್ಲಿ ಮಳೆ ಶುರುವಾದರೆ ಎಲ್ಲೋ ಮೈಲಿಗಟ್ಟಲೆ ದೂರ ಸುರಿದ ಮಳೆ ಇಲ್ಲಿ ದಿಢೀರ್ ಪ್ರವಾಹವಾಗಿ ಬರುತ್ತದೆ. ಮೇಲೆ ಆಕಾಶ ನೀಲಿಯಾಗಿಯೇ ಇರಬಹುದು. ಆದ್ದರಿಂದ ಇದನ್ನು ಜೂನ್ ಮೊದಲ ಭಾಗಕ್ಕೆ ಇಟ್ಟುಕೊಂಡ ತಂಡವನ್ನೇ ನೋಡಿ.

ಹೋಪಿ ಹಳ್ಳಿಯ ದಿನಗಳು

ಹೋಪಿ ನಾಡು ಈಶಾನ್ಯ ಅರಿಜೋನಾದಲ್ಲಿದೆ. ನಾಲ್ಕೂ ಕಡೆ ನವಾಹೋ ನಾಡು ಸುತ್ತುವರಿದಿದೆ. ಮೂರು ಮೇಸಾಗಳ ಮೇಲೂ ಬುಡದಲ್ಲೂ ಹಳ್ಳಿಗಳು. ಮೇಸಾಗಳಿಂದ ದೂರವಿರುವ ಮೋಯೆನ್ಕೋಪಿಯ ಎರಡು ಹಳ್ಳಿಗಳನ್ನೂ ಸೇರಿಸಿದರೆ ಹನ್ನೆರಡು. ಒರೈಬಿ ಹಳ್ಳಿಯಲ್ಲಿ ಹನ್ನೆರಡನೇ ಶತಮಾನದಿಂದ ಜನ ಬಿಡದೆ ಬಾಳುತ್ತಿದ್ದಾರೆ. ಕಲ್ಯಾಣದಲ್ಲಿ ಅನುಭವ ಮಂಟಪವಿದ್ದ ಕಾಲಕ್ಕೆ ಅಲ್ಲಿ ಒಲೆ ಉರಿಯುತ್ತಿತ್ತು, ಇಂದಿಗೂ ಉರಿಯುತ್ತಿದೆ.

ಇಂಥ ಊರಿಗೆ ಹೊರಗಿನ ಹದಿಹರೆಯದವರು "ಸೇವೆ" ಮಾಡಲು ಹೋಗುವುದೆಂದರೆ ಏನು? ಅದನ್ನು ಕೇಳುವ ಮೊದಲು ಒಂದು ಸಂಗತಿ ತಿಳಿದಿರಬೇಕು. ಮಕ್ಕಳನ್ನು ಸರ್ಕಾರದ ವಸತಿ ಶಾಲೆಗೆ ಕಳಿಸಲು ಒಪ್ಪದ, ಜಮೀನನ್ನು ತುಂಡು ಮಾಡಿ ಹಂಚುವುದನ್ನು ವಿರೋಧಿಸಿದ ಒರೈಬಿಯ 19 ಹೋಪಿ ಗಂಡಸರನ್ನು ಹಿಡಿದೊಯ್ದು 1895ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆಲ್ಕಟ್ರಾಜ್ ದ್ವೀಪದ ಸೆರೆಯಲ್ಲಿ ತಿಂಗಳುಗಟ್ಟಲೆ ಇಟ್ಟಿದ್ದರು. ನಿಮಗೆ ಒಳ್ಳೆಯದು ಮಾಡುತ್ತೇವೆ ಎನ್ನುತ್ತ ಬಂದವರನ್ನು ಈ ಜನ ಬಹಳ ನೋಡಿದ್ದಾರೆ. ಆದ್ದರಿಂದ ಕೆಲಸ ಏನು, ಯಾವಾಗ, ಎಷ್ಟು ಎಂಬುದನ್ನು ಹಳ್ಳಿಯವರು ತೀರ್ಮಾನಿಸಿದರೆ ಮಾತ್ರ ಅದಕ್ಕೆ ಅರ್ಥ.

ನನಗೆ ಗೊತ್ತಿರುವ ಒಂದು ಕುಟುಂಬದ ಹುಡುಗ ಬೇರೊಂದು ಕಡೆಯ ಇಂಥದೇ ಯಾತ್ರೆಗೆ ಹೋಗಿದ್ದ. ಎರಡು ದಿನ ಒಂದು ಕಟ್ಟಡದ ಗೋಡೆಗೆ ಬಣ್ಣ ಬಳಿದರಂತೆ. ಹಳೆಯ ಬಣ್ಣ ಎಲ್ಲಿಯೂ ಕಿತ್ತಿರಲಿಲ್ಲ. ವಿಚಾರಿಸಿದರೆ ಹಿಂದಿನ ಬೇಸಿಗೆಯ ತಂಡವೂ ಅದೇ ಗೋಡೆಗೆ ಬಳಿದಿತ್ತು. ಆ ಊರಿನ ಒಬ್ಬರ ಹೆಸರೂ ಅವನಿಗೆ ಗೊತ್ತಾಗಲಿಲ್ಲ. ಸೇವೆಯ ಗಂಟೆಗಳ ಪ್ರಮಾಣಪತ್ರ ಮಾತ್ರ ಕೈಗೆ ಬಂತು. ಕಾಲೇಜು ಅರ್ಜಿಗೆ ಗಂಟೆ ಲೆಕ್ಕ ಬೇಕೆಂದು ಇಂಥವನ್ನು ಹುಡುಕುವ ತಂದೆತಾಯಿಯರಿಗೆ ನನ್ನದೊಂದು ಬೇಡಿಕೆ: ಆ ಗಂಟೆಗಳನ್ನು ನಿಮ್ಮ ಊರಿನ ಗ್ರಂಥಾಲಯದಲ್ಲಿ ಮಾಡಿಸಿ. ಹೋಪಿ ಹಳ್ಳಿಯನ್ನು ಅದಕ್ಕೆ ಬಳಸಬೇಡಿ.

ಹೋಪಿ ಭಾಷೆಯಲ್ಲಿ ಎರಡು ಮಾತುಗಳಿವೆ. ಸುಮಿನಂಗ್ವ ಎಂದರೆ ಎಲ್ಲರ ಒಳಿತಿಗೆ ಒಟ್ಟಾಗಿ ಸೇರುವುದು. ನಾಮಿನಂಗ್ವ ಎಂದರೆ ಒಬ್ಬರಿಗೊಬ್ಬರು ಆಗುವುದು. ನಮ್ಮ ಹಳ್ಳಿಗಳ ಮುಯ್ಯಾಳು ಇದಕ್ಕೆ ಬಹಳ ಹತ್ತಿರ. ಇಂದು ನಿಮ್ಮ ಗದ್ದೆಯ ನಾಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಅಲ್ಲಿ ಕೊಡುವವರು, ಪಡೆಯುವವರು ಎಂಬ ಮೇಲುಕೀಳಿಲ್ಲ. ಒಳ್ಳೆಯ ಯಾತ್ರೆಯಲ್ಲಿ ಮಕ್ಕಳ ಕೆಲಸ ಹೀಗೇ ಇರುತ್ತದೆ. ಅವರು ಕಟ್ಟಿಗೆ ಸೀಳುತ್ತಾರೆ, ಒರತೆಯ ಹೂಳೆತ್ತುತ್ತಾರೆ, ಮೇಸಾದ ಇಳಿಜಾರಿನಲ್ಲಿ ಒರತೆ ನೀರಿಂದ ಬೆಳೆಯುವ ಮೆಟ್ಟಿಲು ತೋಟಗಳ ಕಲ್ಲುಗೋಡೆ ಸರಿಪಡಿಸುತ್ತಾರೆ, ಹೊಲದ ಕಳೆ ಕೀಳುತ್ತಾರೆ. ಬದಲಿಗೆ ಆ ಮನೆಯವರು ತಮ್ಮ ಹೊಲವನ್ನು ಅವರಿಗೆ ಓದಿಸುತ್ತಾರೆ.

ಹೊಲವನ್ನು ಓದುವುದೆಂದರೆ ಏನೆಂದು ಮಗಳಿಂದ ತಿಳಿದೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ 200ರಿಂದ 250 ಮಿಲಿಮೀಟರ್. ಚಳ್ಳಕೆರೆಯಂಥ ಒಣ ಸೀಮೆಗೂ ಇದರ ಹೆಚ್ಚುಕಡಿಮೆ ಎರಡು ಪಟ್ಟು ಬೀಳುತ್ತದೆ. ಇಷ್ಟರಲ್ಲೇ ನೀರಾವರಿಯಿಲ್ಲದೆ ಮೆಕ್ಕೆಜೋಳ ಬೆಳೆಯುತ್ತಾರೆ, ಅದೂ ಮರಳಿನಲ್ಲಿ. ಚಳಿಗಾಲದ ಹಿಮ ಇಂಗಿ ಆಳದಲ್ಲಿ ತೇವ ಉಳಿದಿರುತ್ತದೆ. ಕೋಲಿನಿಂದ ಒಂದು ಗೇಣು, ಕೆಲವೊಮ್ಮೆ ಒಂದು ಮೊಳದಷ್ಟು ಆಳ ಗುಂಡಿ ತೋಡಿ, ತೇವದ ಮಣ್ಣು ಕೈಗೆ ಸಿಕ್ಕ ಮೇಲೆ ಹತ್ತು, ಹದಿನೈದು ಬೀಜಗಳನ್ನು ಒಟ್ಟಿಗೆ ಹಾಕುತ್ತಾರೆ. ಬೇರೆ ಜೋಳ ಅಷ್ಟು ಆಳದಿಂದ ಮೇಲೆ ಬರಲಾರದು. ಈ ತಳಿಯ ಮೊಳಕೆ ಉದ್ದಕ್ಕೆ ಚಾಚಿಕೊಂಡು ಮೇಲೆ ಬರುತ್ತದೆ. ಗುಂಡಿಯಿಂದ ಗುಂಡಿಗೆ ಹಲವು ಹೆಜ್ಜೆಗಳ ಅಂತರ.

ಮಗಳು ಹೋದಾಗ ಜೂನ್ ಕೊನೆ. ಪೈರು ಮೊಳಕಾಲೆತ್ತರ ಬಂದಿತ್ತು. ಒಂದೊಂದು ಗುಂಡಿಯಲ್ಲಿ ಹತ್ತಾರು ದಂಟುಗಳು ಒತ್ತೊತ್ತಾಗಿ ಪೊದೆಯಂತೆ ನಿಂತಿದ್ದವು. ಅಜ್ಜಿಯ ಹೊಲದಲ್ಲಿ ಗುಂಡಿಗೆ ಎರಡು ಬೀಜ ಹಾಕಿ, ಗಟ್ಟಿಯಾದ ಒಂದನ್ನು ಉಳಿಸಿ ಇನ್ನೊಂದನ್ನು ಕಿತ್ತು ಹಾಕುವುದನ್ನು ನೋಡಿದ್ದವಳು. ಕಳೆ ಕೀಳುತ್ತ ಕೀಳುತ್ತ ಅವಳ ಕೈ ಹೊರಗಿನ ಒಂದು ಬಡಕಲು ದಂಟಿನ ಬುಡ ಹಿಡಿಯಿತು. ಹೊಲದ ಯಜಮಾನರು ಪಕ್ಕದ ಸಾಲಿನಿಂದ ಬಂದು ಏನೂ ಹೇಳದೆ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು ಪೊದೆಯನ್ನು ಎರಡು ಕೈಯಿಂದ ನಿಧಾನಕ್ಕೆ ಅಗಲಿಸಿ ತೋರಿಸಿದರಂತೆ. ಹೊರಗಿನ ದಂಟುಗಳ ಎಲೆಗಳು ಗಾಳಿಮರಳಿನ ಹೊಡೆತಕ್ಕೆ ಹರಿದು ಚಿಂದಿಯಾಗಿದ್ದವು. ನಡುವಿನವು ಗಾಯವಿಲ್ಲದೆ ಹಸಿರಾಗಿದ್ದವು. ಅವಳು ಕೈ ಬಿಟ್ಟಳು. ಮನೆಗೆ ಬಂದ ರಾತ್ರಿ ಗೂಸ್‌ನೆಕ್ಸ್ ಬಗ್ಗೆ ಅವಳು ಹೇಳಿದ್ದು ಎರಡು ಮಾತು. ಈ ಪೊದೆಯ ಬಗ್ಗೆ ಊಟ ಮುಗಿದ ಮೇಲೂ ಹೇಳುತ್ತಿದ್ದಳು.

ಇದೇ ಕಾರಣಕ್ಕೆ ಹಳ್ಳಿಯ ಭಾಗಕ್ಕೆ ಎರಡು ದಿನ ಮಾತ್ರ ಕೊಟ್ಟ ಯಾತ್ರೆಯನ್ನು ನಾನು ಒಪ್ಪುವುದಿಲ್ಲ. ಕಡಿಮೆಯೆಂದರೆ ನಾಲ್ಕೈದು ದಿನ ಬೇಕು. ಅದೇ ಮನೆ, ಅದೇ ಹೊಲಕ್ಕೆ ವರ್ಷವರ್ಷವೂ ಮರಳುವ ತಂಡವಾದರೆ ಇನ್ನೂ ಒಳ್ಳೆಯದು. ಆಯೋಜಕರನ್ನು ನೇರವಾಗಿ ಕೇಳಿ. ಹಳ್ಳಿಯಲ್ಲಿ ನಿಮ್ಮನ್ನು ಬರಮಾಡಿಕೊಳ್ಳುವವರು ಯಾರು, ಎಷ್ಟು ವರ್ಷದ ಪರಿಚಯ? ಕಲಿಸುವ ಹೋಪಿ ಹಿರಿಯರಿಗೆ ಸಂಭಾವನೆ ಕೊಡುತ್ತೀರಾ? ಹಬ್ಬದ ಕಾರಣ ಹಳ್ಳಿ ಹೊರಗಿನವರಿಗೆ ಬಾಗಿಲು ಹಾಕಿದರೆ ಏನು ಮಾಡುತ್ತೀರಿ? ಕೊನೆಯ ಪ್ರಶ್ನೆ ಬಹಳ ಮುಖ್ಯ. ಹೋಪಿಗಳು ನಂಬುವ ದೈವಗಳಾದ ಕಟ್ಸಿನಾಗಳ ನೃತ್ಯ, ಆಚರಣೆಗಳ ಕಾಲ ಚಳಿಗಾಲದಿಂದ ಜುಲೈವರೆಗೆ ನಡೆಯುತ್ತದೆ. ಜುಲೈಯ ನೀಮನ್ ಎಂಬ ಬೀಳ್ಕೊಡುಗೆಯೊಂದಿಗೆ ಮುಗಿಯುತ್ತದೆ. ಕೆಲವು ಆಚರಣೆಗಳಿಗೆ ಹೊರಗಿನವರಿಗೆ ಪ್ರವೇಶವೇ ಇಲ್ಲ. "ಹಳ್ಳಿಯವರು ಬೇಡವೆಂದರೆ ನಾವು ಹೋಗುವುದಿಲ್ಲ, ಮೊದಲೇ ಬದಲಿ ಯೋಚನೆ ಇರುತ್ತದೆ" ಎನ್ನುವವರು ಸರಿಯಾದವರು. "ನೃತ್ಯ ಖಂಡಿತ ತೋರಿಸುತ್ತೇವೆ" ಎಂದು ಮಾತು ಕೊಡುವವರಿಂದ ದೂರವಿರಿ.

ಕರಪತ್ರವನ್ನೇ ಪರೀಕ್ಷಿಸುವ ಸುಲಭದ ದಾರಿಯೂ ಒಂದಿದೆ. ಹಳೆಯ ಮನೆಗಳನ್ನು ಕಟ್ಟಿದವರನ್ನು ಅದು ಏನೆಂದು ಕರೆಯುತ್ತದೆ ನೋಡಿ. "ಅನಸಾಜಿ" ಎಂಬುದು ನವಾಹೋ ಭಾಷೆಯ ಪದ; ಪರಕೀಯರ ಪೂರ್ವಜರು, ಹಗೆಗಳ ಪೂರ್ವಜರು ಎಂಬ ಅರ್ಥ ಅದಕ್ಕಿದೆ. ತಮ್ಮ ಹಿರಿಯರನ್ನು ಹಾಗೆ ಕರೆಯುವುದು ಹೋಪಿಗಳಿಗೆ ಇಷ್ಟವಿಲ್ಲ. ಅವರ ಮಾತು ಹಿಸತ್ಸಿನೋಮ್, ಬಹಳ ಹಿಂದಿನ ಜನ. ಹೋಪಿ ಹಳ್ಳಿಗೆ ಕರೆದೊಯ್ಯುತ್ತೇವೆ ಎನ್ನುತ್ತಲೇ "ಕಣ್ಮರೆಯಾದ ಅನಸಾಜಿಗಳ ರಹಸ್ಯ" ಎಂದು ಬರೆದವರು ಆ ಹಳ್ಳಿಯಲ್ಲಿ ಯಾರ ಮಾತನ್ನೂ ಕೇಳಿಸಿಕೊಂಡಿಲ್ಲ. ಅವರು ಕಣ್ಮರೆಯಾಗಿಲ್ಲ, ಅವರ ಮೊಮ್ಮಕ್ಕಳೇ ಊಟ ಬಡಿಸುತ್ತಿದ್ದಾರೆ.

ನದಿಯಿಲ್ಲದೆ, ಮನೆಯವರೆಲ್ಲ ಕೂಡಿ ಹೋಗುವುದು

ಮೂರು ವಾರದ ಯಾತ್ರೆಗಳಿಗೆ ಕೆಲವು ಸಾವಿರ ಡಾಲರ್ ಬೇಕು. ಅದು ಎಲ್ಲರಿಂದ ಆಗುವುದಲ್ಲ. ನೆರವಿನ ಹಣ ಇದೆಯೇ ಎಂದು ಕೇಳಲು ಸಂಕೋಚಪಡಬೇಡಿ. ಲಾಭಕ್ಕಾಗಿ ನಡೆಸದ ಸಂಸ್ಥೆಗಳಲ್ಲಿ ಅನೇಕವು ಅದಕ್ಕೆಂದೇ ಹಣ ತೆಗೆದಿಡುತ್ತವೆ. ಅದೂ ಆಗದಿದ್ದರೆ ಫ್ಲ್ಯಾಗ್‌ಸ್ಟಾಫ್‌ನಿಂದ ಎರಡು ಗಂಟೆ ಕಾರು ಓಡಿಸಿ ಸೆಕೆಂಡ್ ಮೇಸಾಕ್ಕೆ ಹೋಗಿ. ಅಲ್ಲಿ ಹೋಪಿ ಸಾಂಸ್ಕೃತಿಕ ಕೇಂದ್ರ ಮತ್ತು ಉಳಿದುಕೊಳ್ಳಲು ವಸತಿ ಇದೆ. ಹೋಪಿ ಮಾರ್ಗದರ್ಶಕರೊಬ್ಬರನ್ನು ಗೊತ್ತುಮಾಡಿಕೊಂಡು ಎರಡು ದಿನ ಅವರು ಹೇಳಿದಂತೆ ನಡೆಯಿರಿ. ಬಂಡೆಯ ತುದಿಯ ವಾಲ್ಪಿ ಹಳ್ಳಿಗೆ ಮಾರ್ಗದರ್ಶಕರಿಲ್ಲದೆ ಹೋಗುವಂತಿಲ್ಲ. ಕೆಲಸ ಮಾಡಲು ಅವಕಾಶ ಸಿಗದಿರಬಹುದು. ಆದರೆ ಕೆಟ್ಟ ಯಾತ್ರೆಯ ಮೂರು ವಾರಕ್ಕಿಂತ ಈ ಎರಡು ದಿನ ಮೇಲು.

ಯಾರಿಗೆ ಯಾವುದು

ಹದಿಮೂರರಿಂದ ಹದಿನೈದರ ಮಗು, ಮೊದಲ ಸಲ ಮನೆ ಬಿಡುವುದಾದರೆ ಸ್ಯಾನ್ ಹುವಾನ್ ಮತ್ತು ಹೋಪಿ ಹಳ್ಳಿ ಕೂಡಿದ ಯಾತ್ರೆ. ನೀರಿನ ಭಯವಿದ್ದರೆ ಸೀಡರ್ ಮೇಸಾ ಮತ್ತು ಹೋಪಿ. ಗ್ರ್ಯಾಂಡ್ ಕ್ಯಾನ್ಯನ್ ಎರಡನೆಯ ಬೇಸಿಗೆಗೆ. ಎರಡು ಯಾತ್ರೆಗಳಲ್ಲಿ ಒಂದರ ನದಿ ಚೆನ್ನಾಗಿದ್ದು ಇನ್ನೊಂದರ ಹಳ್ಳಿಯ ನಂಟು ಗಟ್ಟಿಯಾಗಿದ್ದರೆ ಕಣ್ಣುಮುಚ್ಚಿ ಎರಡನೆಯದನ್ನು ಆರಿಸಿ. ನದಿ ಮುಂದಿನ ವರ್ಷವೂ ಹರಿಯುತ್ತದೆ. ಆದರೆ ಸುರಕ್ಷತೆಯಲ್ಲಿ ಮಾತ್ರ ರಾಜಿ ಬೇಡ: ಮಾರ್ಗದರ್ಶಕರಿಗೆ ಕಾಡಿನ ಪ್ರಥಮ ಚಿಕಿತ್ಸೆ ಮತ್ತು ಹರಿವ ನೀರಿನ ರಕ್ಷಣೆಯ ತರಬೇತಿ ಇರಲೇಬೇಕು, ಉಪಗ್ರಹ ಫೋನ್ ಜೊತೆಗಿರಬೇಕು. ಆ ಕಮರಿಗಳಲ್ಲಿ ಮೊಬೈಲ್ ಸಂಕೇತ ಸಿಗುವುದಿಲ್ಲ.

ಹೊರಡುವ ಮುನ್ನ ನಮ್ಮ ಮಕ್ಕಳಿಗೆ ಹೇಳಬೇಕಾದ್ದು

ನದಿಯಾತ್ರೆಯ ಒಂದು ನಿಯಮ ಕೇಳಿ ನಮ್ಮ ಮಕ್ಕಳು ಬೆಚ್ಚುತ್ತಾರೆ. ಮಲವನ್ನು ಡಬ್ಬದಲ್ಲಿ ಹೊತ್ತು ಹೊರಗೆ ತರಬೇಕು. ಮೂತ್ರವನ್ನು ಮಾತ್ರ ನದಿಯಲ್ಲೇ ಮಾಡಬೇಕು. ನದಿಗೆ ಉಗುಳಬಾರದೆಂದು ಕೇಳಿ ಬೆಳೆದವರಿಗೆ ಇದು ಪಾಪದಂತೆ ತೋರುತ್ತದೆ. ಮಳೆಯಿಲ್ಲದ ನಾಡಿನಲ್ಲಿ ದಡದ ಮರಳನ್ನು ತೊಳೆಯುವುದು ಯಾವುದೂ ಇಲ್ಲ, ನೂರಾರು ಜನ ತಂಗುವ ದಡ ನಾರಿಹೋಗುತ್ತದೆ, ದೊಡ್ಡ ಹೊಳೆಯಾದರೆ ಕರಗಿಸಿಕೊಳ್ಳುತ್ತದೆ ಎಂಬ ಕಾರಣವನ್ನು ಮೊದಲೇ ತಿಳಿಸಿ. ಸಣ್ಣ ತೊರೆಗಳಿಗೂ ಒರತೆಗಳಿಗೂ ಈ ನಿಯಮ ಅನ್ವಯಿಸುವುದಿಲ್ಲ.

ಸಸ್ಯಾಹಾರಿ ಎಂದು ಅರ್ಜಿಯಲ್ಲೇ ಬರೆಯಿರಿ. ನದಿಯ ಮೇಲೆ ತೊಂದರೆಯಿಲ್ಲ. ಹಳ್ಳಿಯಲ್ಲಿ ಜೋಳ ಮತ್ತು ಕುರಿಮಾಂಸದ ಸಾರು ಗೌರವದ ಊಟ. ಅದನ್ನು ಮುಖ ಸಿಂಡರಿಸದೆ, ನಮ್ಮ ಮನೆಯ ಪದ್ಧತಿ ಹೀಗೆಂದು ನಮ್ರವಾಗಿ ಹೇಳಲು ಕಲಿಸಿ. ಬದಲಿಗೆ ಪೀಕಿ ಸಿಕ್ಕರೆ ಬಿಡಬಾರದು. ನೀಲಿ ಜೋಳದ ತೆಳು ಹಿಟ್ಟಿಗೆ ಗಿಡದ ಬೂದಿ ಬೆರೆಸುತ್ತಾರೆ. ಆ ಬೂದಿಯ ಕ್ಷಾರದಿಂದಲೇ ನೀಲಿ ಬಣ್ಣ ಉಳಿಯುತ್ತದೆ. ಕಾದ ಕಲ್ಲಿನ ಮೇಲೆ ಬರಿಗೈಯಿಂದ ಸವರಿ, ಕಾಗದಕ್ಕಿಂತ ತೆಳ್ಳಗೆ ಎಬ್ಬಿಸಿ ಸುರುಳಿ ಸುತ್ತುತ್ತಾರೆ. ಬೆಳಗಾವಿಯ ಮಂಡಿಗೆ ಮಾಡುವವರ ಕೈ ನೋಡಿದವರಿಗೆ ಆ ಚುರುಕು ಅರ್ಥವಾಗುತ್ತದೆ. ಮಗಳು ಒಂದು ಸುರುಳಿಯನ್ನು ಕರವಸ್ತ್ರದಲ್ಲಿ ಕಟ್ಟಿ ತಂದಿದ್ದಳು. ಮನೆ ತಲುಪುವ ಹೊತ್ತಿಗೆ ಅದು ಪುಡಿ. ಪುಡಿಯನ್ನೇ ಎಲ್ಲರೂ ಬೆರಳಿಗೆ ಅಂಟಿಸಿಕೊಂಡು ತಿಂದೆವು.

ಹಳ್ಳಿಯಲ್ಲಿ ಫೋಟೊ ತೆಗೆಯುವಂತಿಲ್ಲ, ಚಿತ್ರ ಬರೆಯುವಂತಿಲ್ಲ, ಧ್ವನಿ ಮುದ್ರಿಸುವಂತಿಲ್ಲ. ಆ ದಿನಗಳ ಒಂದು ಚಿತ್ರವೂ ನಿಮ್ಮ ಮೊಬೈಲಿಗೆ ಬರುವುದಿಲ್ಲ, ಕೇಳಲೂ ಬೇಡಿ.

ಕರೆತರಲು ಹೋಗುವವರು ಗಡಿಯಾರದ ಕಡೆ ಗಮನವಿಡಿ. ಬೇಸಿಗೆಯಲ್ಲಿ ಯೂಟಾ ಮತ್ತು ನವಾಹೋ ನಾಡು ಒಂದು ಗಂಟೆ ಮುಂದಿರುತ್ತವೆ. ಅರಿಜೋನಾದ ಉಳಿದ ಭಾಗವೂ ಹೋಪಿ ನಾಡೂ ಗಡಿಯಾರ ಬದಲಿಸುವುದಿಲ್ಲ. ಫ್ಲ್ಯಾಗ್‌ಸ್ಟಾಫ್‌ನಿಂದ ಹೋಪಿಗೆ ಹೋಗುವ ಎರಡು ಗಂಟೆಯಲ್ಲಿ ಮೊಬೈಲ್ ಎರಡು ಸಲ ಸಮಯ ಬದಲಿಸುತ್ತದೆ. ಯಾವ ಸಮಯ ಎಂದು ಆಯೋಜಕರಿಂದ ಬರೆಸಿಕೊಳ್ಳಿ.

ಇನ್ನು ಒಂದೇ ಒಂದು ಹೋಪಿ ಮಾತನ್ನಾದರೂ ಬಾಯಿಪಾಠ ಮಾಡಿಸಿ ಕಳಿಸಿ. ಧನ್ಯವಾದ ಹೇಳಲು ಅಲ್ಲಿ ಹೆಂಗಸರಿಗೊಂದು ಮಾತು, ಗಂಡಸರಿಗೊಂದು. ಮಗಳಾದರೆ ಅಸ್ಕ್ವಲಿ, ಮಗನಾದರೆ ಕ್ವಾಕ್ವಹಾ.